ಪರ್ಸ್ಯೂಟ್ ಎಂಬ ಪುರಸೊತ್ತು

ಬಸ್ಸು ಹತ್ತಿದರೆ ನಾನು ಹುಡುಕಿಕೊಂಡು ಹೋಗಿ ಹಿಂದಿನ ಸೀಟಿನಲ್ಲೇ ಕೂಡುತ್ತೇನೆ. ಮುಂದೆ ಜಾಗ ಖಾಲಿ ಇರಲಿ, ಕಂಡಕ್ಟರು "ಅಮ್ಮಾರ, ಹಿಂದ ಎತ್ತಿ ಒಗೀತೈತ್ರಿ, ಮುಂದ ಬರ್ರಿ" ಎಂದು ಕರೆಯಲಿ, ನಾನು ಜಗ್ಗುವವಳಲ್ಲ. ಕೂತ ಮೇಲೆ ಒಂದು ಸಲ ತಿರುಗಿ, ಹಿಂದಿನ ಗಾಜಿನೊಳಗಿಂದ ರಸ್ತೆಯನ್ನು ನೋಡಲೇಬೇಕು. ಯಾರೂ ಬರುತ್ತಿಲ್ಲ ಎಂದು ಖಾತ್ರಿಯಾದ ಮೇಲೆಯೇ ಮುಂದಿನ ಮಾತು. ನಮ್ಮ ಯಜಮಾನರು ಇದ್ದಾಗ ಇದನ್ನು ನೋಡಿ ನೋಡಿ ಸಾಕಾಗಿ, "ಏನ, ಪೊಲೀಸರೇನರ ಬರಾಕತ್ತಾರೇನು?" ಎಂದು ಎಲ್ಲರಿಗೂ ಕೇಳುವಂತೆ ವಿಚಾರಿಸುತ್ತಿದ್ದರು. ನನ್ನ ಮೊಮ್ಮಗಳಿಗಂತೂ ಅಜ್ಜಿಯ ಕತ್ತು ನೋವಿಗೆ ಇದೇ ಮೂಲವೆಂದು ಗಟ್ಟಿ ಅನುಮಾನ.

ಮೊನ್ನೆ ಅವಳು ಬಿಡಲೇ ಇಲ್ಲ. "ಹಿಂದ ಏನ್ ನೋಡ್ತೀ ಅಜ್ಜಿ?" ಎಂದಳು.

"ಪರ್ಸ್ಯೂಟ್" ಎಂದೆ.

ಇಂಗ್ಲಿಷ್ ಶಾಲೆಯ ಹುಡುಗಿ. ಅಜ್ಜಿಯ ಬಾಯಿಂದ ಆ ಶಬ್ದ ಬಂದದ್ದಕ್ಕೆ ಬೆಚ್ಚಿ, ಮುಂದಿನ ನಿಲ್ದಾಣದವರೆಗೆ ನನ್ನನ್ನೇ ನೋಡುತ್ತ ಕೂತಳು. ನನಗೆ ಬರುವ ಇಂಗ್ಲಿಷ್ ಶಬ್ದಗಳೇ ಕಡಿಮೆ. ಅವುಗಳಲ್ಲಿ ಈ ಒಂದನ್ನು ಮಾತ್ರ ನಾನು ಎಷ್ಟು ಕಷ್ಟಪಟ್ಟು ಸಂಪಾದಿಸಿದ್ದೇನೆಂದರೆ, ಅದರ ಮೇಲೆ ನನ್ನ ಹಕ್ಕು ಯಾವ ಇಂಗ್ಲಿಷಿನವನಿಗಿಂತಲೂ ಕಡಿಮೆಯಲ್ಲ ಎಂದೇ ನನ್ನ ನಂಬಿಕೆ. ಆ ಕತೆ ಅವಳಿಗೆ ಬಸ್ಸಿನಲ್ಲಿ ಹೇಳಲಾಗಲಿಲ್ಲ. ನಿಮಗಾದರೂ ಹೇಳುತ್ತೇನೆ, ಕೂತುಕೊಳ್ಳಿ.

ನಮ್ಮದು ಮಸ್ಕಿ. ಅಪ್ಪನದು ಅಲ್ಲಿಯೇ ಅರಿವೆ ಅಂಗಡಿ. ನಾನು ಮೊದಲು ಕಲಿತದ್ದು ಉರ್ದು, ಏಕೆಂದರೆ ಆಗ ನಿಜಾಮರ ಆಳ್ವಿಕೆ. ಅಲೀಫ್, ಬೇ ಎಂದು ಕೈ ಕೂರುವ ಹೊತ್ತಿಗೆ ಸರ್ಕಾರವೇ ಬದಲಾಯಿತು. ಬಲದಿಂದ ಎಡಕ್ಕೆ ಹೋಗುತ್ತಿದ್ದ ಪಾಠ ಎಡದಿಂದ ಬಲಕ್ಕೆ ತಿರುಗಿತು. ನನ್ನ ತಲೆ ಎತ್ತ ಹೋಗಬೇಕೆಂದು ತಿಳಿಯದೆ ಕೆಲವು ದಿನ ನಡುವೆಯೇ ನಿಂತಿತ್ತು. ಮುಂದಿನ ತರಗತಿಗಳಿಗೆ ಲಿಂಗಸುಗೂರಿನ ಸೋದರಮಾವನ ಮನೆಯಲ್ಲಿಟ್ಟರು. ಅಲ್ಲಿ ಕನ್ನಡದ ಜೊತೆಗೆ ಇಂಗ್ಲಿಷೂ ಗಂಟುಬಿತ್ತು.

ಇಂಗ್ಲಿಷ್ ಕಲಿಸಲು ಧಾರವಾಡದ ಕಡೆಯಿಂದ ಒಬ್ಬ ಮಾಸ್ತರರು ಬಂದಿದ್ದರು. ಕರಿ ಟೋಪಿ, ಉದ್ದ ಕೋಟು, ಕೋಟಿಗಿಂತ ಉದ್ದ ಉತ್ಸಾಹ. ಅವರಿಗೆ ಅರ್ಥ ಹೇಳುವುದರಲ್ಲಿ ನಂಬಿಕೆ ಇರಲಿಲ್ಲ. ಮಾಡಿ ತೋರಿಸುತ್ತಿದ್ದರು. 'ಜಂಪ್' ಎಂಬ ಶಬ್ದ ಬಂದ ದಿನ ಮೇಜಿನ ಒಂದು ಕಾಲು ಮುರಿದಿತ್ತು. 'ಪರ್ಸ್ಯೂಟ್' ಬಂದ ದಿನ ಏನು ಮಾಡುವುದೆಂದು ಅವರು ಹಣೆ ತಿಕ್ಕಿಕೊಳ್ಳುತ್ತ ನಿಂತಿದ್ದಾಗ, ದೇವರೇ ಕಳಿಸಿದಂತೆ ಒಂದು ಆಡು ಒಳಗೆ ಬಂತು. ಬಂದದ್ದು ಮೇಜಿನ ಮೇಲಿದ್ದ ಟೋಪಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೊರಗೆ ಓಡಿತು. ಮಾಸ್ತರರು ಕೋಟು ಎತ್ತಿ ಹಿಡಿದು ಅದರ ಹಿಂದೆ. ನಾವೆಲ್ಲ ಕಿಟಕಿಗೆ.

ಅಂಗಳದ ಬೇವಿನ ಮರದ ಸುತ್ತ ಆಡು ಸುತ್ತುತ್ತಿತ್ತು, ಆಡಿನ ಹಿಂದೆ ಮಾಸ್ತರರು ಸುತ್ತುತ್ತಿದ್ದರು. ಆ ಏದುಸಿರಿನಲ್ಲೂ ಅವರು ನಮ್ಮನ್ನು ಮರೆಯಲಿಲ್ಲ. "ನೋಡ್ರಿ! ಛಂದಾಗಿ ನೋಡ್ರಿ! ದಿಸ್ ಈಸ್ ಪರ್ಸ್ಯೂಟ್!" ಎಂದು ಕೂಗುತ್ತಲೇ ಓಡಿದರು.

ಒಳಗೆ ಬಂದು, ಅಂಚು ಹರಿದ ಟೋಪಿಯನ್ನು ಜಾಡಿಸಿ, "ಈಗ ತಿಳೀತಿಲ್ಲೋ?" ಎಂದರು. ನನ್ನ ಪಕ್ಕದ ಹುಡುಗಿ ಎದ್ದು ನಿಂತು, "ತಿಳೀತ್ರಿ ಸರ್. ಆದ್ರ ಪರ್ಸ್ಯೂಟ್ ಅಂದ್ರ ಆಡೋ, ಟೋಪಿಯೋ?" ಎಂದು ಕೇಳಿದಳು. ಮಾಸ್ತರರು ಕುರ್ಚಿಯಲ್ಲಿ ಕುಸಿದು, ಮೊದಲ ಸಲ ಬಾಯಿಯಿಂದ ಅರ್ಥ ಹೇಳಿದರು: "ಬೆನ್ನು ಹತ್ತೋದವಾ, ಬೆನ್ನು ಹತ್ತೋದು!"

ಆ ಅರ್ಥ ನನ್ನ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತು. ಪರ್ಸ್ಯೂಟ್ ಎಂದರೆ ಒಬ್ಬರು ಓಡಬೇಕು, ಇನ್ನೊಬ್ಬರು ಬೆನ್ನು ಹತ್ತಬೇಕು. ಅದಕ್ಕೆ ಬೇರೆ ಅರ್ಥವೂ ಇದೆಯೆಂದು ನನಗೆ ಯಾರೂ ಹೇಳಲಿಲ್ಲ. ಆಡಂತೂ ಹೇಳುವಂತಿರಲಿಲ್ಲ.

ಏಳನೆಯ ತರಗತಿ ಪಾಸಾದ ಮೇಲೆ ನನ್ನನ್ನು ಮಸ್ಕಿಗೆ ಕರೆತಂದರು. ಮಗಳು ಕಲಿತದ್ದು ಸಾಕು ಎಂದು ಅಪ್ಪನ ತೀರ್ಮಾನ. ನನಗೆ ಸಾಕಾಗಿರಲಿಲ್ಲ. ಮನೆಗೆಲಸ ಮುಗಿಸಿ ಕೈ ಖಾಲಿಯಾದರೆ ಓಣಿಯ ಹುಡುಗರನ್ನು ಮನೆ ಮುಂದಿನ ಕಟ್ಟೆಯ ಮೇಲೆ ಕೂಡ್ರಿಸಿಕೊಂಡು ಅಕ್ಷರ ತಿದ್ದಿಸುತ್ತಿದ್ದೆ. ಬೆಲ್ಲದ ಆಸೆಗೆ ಬರುವವರು ಕೆಲವರು, ನನ್ನ ಹೆದರಿಕೆಗೆ ಬರುವವರು ಕೆಲವರು. ಅಕ್ಷರದ ಆಸೆಗೆ ಬಂದವರು ಯಾರಾದರೂ ಇದ್ದರೋ ಇಲ್ಲವೋ, ಇಂದಿಗೂ ಹೇಳಲಾರೆ.

ಹೀಗಿರುವಾಗ ಲಿಂಗಸುಗೂರಿನ ಮಾವ ಸಂತೆಗೆ ಬಂದವರ ಕೈಯಲ್ಲಿ ಹೇಳಿ ಕಳಿಸಿದ. ಹೆಣ್ಣುಮಕ್ಕಳ ಶಾಲೆಗಳಿಗೆ ಅಕ್ಕೋರು ಬೇಕಾಗಿದ್ದಾರೆ, ಸಾಹೇಬರು ಬಂದು ಇಂಟರ್‌ವ್ಯೂ ಮಾಡುತ್ತಾರೆ, ನೀಲಾನನ್ನು ಕಳಿಸಿ ಎಂದು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ನೀಲಾ ಎಂದರೆ ನಾನು.

ಅಪ್ಪ ಊಟದ ತಾಟಿನ ಮುಂದೆ ಕೂತು ಸುದ್ದಿ ಕೇಳಿದ. "ಬ್ಯಾಡ" ಎಂದ. ರೊಟ್ಟಿ ಮುರಿದ. ಅಷ್ಟಕ್ಕೆ ಮುಗಿಯಿತು.

ಅಪ್ಪ ಕೆಟ್ಟವನೆಂದು ತಿಳಿಯಬೇಡಿ. ಸಿಟ್ಟಿನ ಮನುಷ್ಯನೂ ಅಲ್ಲ. ಗಿರಾಕಿ ಇಡೀ ಅಂಗಡಿಯ ಸೀರೆ ಬಿಚ್ಚಿಸಿ ಒಂದನ್ನೂ ಕೊಳ್ಳದೆ ಹೋದರೆ, ಮಡಚುತ್ತ ತಾನೇ ನಗುತ್ತಿದ್ದವನು. ಆದರೆ ನಿಜಾಮರ ಕಾಲದ ಕೊನೆಯ ಗದ್ದಲದಲ್ಲಿ ನಾವು ಮನೆಗೆ ಬೀಗ ಹಾಕಿ, ಎತ್ತಿನ ಗಾಡಿಯಲ್ಲಿ ಸರಹದ್ದು ದಾಟಿ ಬಂಧುಗಳ ಊರಿಗೆ ಹೋಗಬೇಕಾಗಿತ್ತು. ಅವ್ವ, ನಾನು, ತಮ್ಮಂದಿರು ಒಣಗಿದ ಜೋಳದ ದಂಟಿನ ಸೊಪ್ಪೆಯ ಕೆಳಗೆ ಅಡಗಿ ಕೂತಿದ್ದೆವು. ನನಗೆ ಕಾಣುತ್ತಿದ್ದದ್ದು ಸೊಪ್ಪೆಯ ಸಂದಿನಲ್ಲಿ ಅಪ್ಪನ ಮುಖ ಮಾತ್ರ. ಗಾಡಿ ಹೊಡೆಯುವವನು ಮುಂದೆ ನೋಡುತ್ತಿದ್ದ, ಅಪ್ಪ ದಾರಿಯುದ್ದಕ್ಕೂ ಹಿಂದೆ ನೋಡುತ್ತಿದ್ದ. ಯಾರೂ ಬರಲಿಲ್ಲ. ಗದ್ದಲ ಮುಗಿದು ತಿರುಗಿ ಬಂದೆವು, ಅಂಗಡಿ ತೆರೆದೆವು, ಎಲ್ಲ ಮೊದಲಿನ ಹಾಗೆ ಆಯಿತು. ಆದರೆ ಹೆಣ್ಣುಮಕ್ಕಳು ಊರು ಬಿಡುತ್ತಾರೆಂದರೆ ಅಪ್ಪನ ಮುಖ ಸೊಪ್ಪೆಯ ಸಂದಿನಲ್ಲಿ ಕಂಡ ಮುಖವೇ ಆಗುತ್ತಿತ್ತು.

ನನ್ನ ಪರವಾಗಿ ಮನೆಯಲ್ಲಿ ಇದ್ದ ಗಟ್ಟಿ ಪಕ್ಷವೆಂದರೆ ಆಯಿ. ಅಪ್ಪನ ತಾಯಿ. ಓದು ಬರಹ ಬಾರದು, ಆದರೆ ಎದುರಿಗಿದ್ದವರ ಮನಸ್ಸನ್ನು ಬರೆದಿಟ್ಟಂತೆ ಓದುವವಳು. ಅಪ್ಪ "ಬ್ಯಾಡ" ಎಂದ ಮೇಲೆ ಅವಳು ವಾದಕ್ಕೆ ಹೋಗಲಿಲ್ಲ. ಎರಡು ದಿನ ಸುಮ್ಮನಿದ್ದು, ಲಿಂಗಸುಗೂರಿನಲ್ಲಿದ್ದ ತನ್ನ ತಂಗಿಗೆ ಮೈಯಲ್ಲಿ ಹುಷಾರಿಲ್ಲವೆಂದು ಸಾರಿದಳು.

"ಯಾರ ಹೇಳಿದ್ರು?" ಎಂದ ಅಪ್ಪ.

"ಕನಸಿನ್ಯಾಗ ಬಂದಿದ್ಲು. ಮಾರಿ ಬಾತಿತ್ತು" ಎಂದಳು ಆಯಿ. "ನೀಲಾನ್ನ ಕರ್ಕೊಂಡು ಹೋಗಿ ನೋಡ್ಕೊಂಡು ಸಂಜೀಕ ಬರ್ತೀನಿ."

ಕನಸಿನ ಕಾಯಿಲೆಗೆ ಯಾರು ಏನು ಹೇಳಲಾದೀತು? ಅಪ್ಪ ಒಪ್ಪಿದ.

ಅಂದು ಬೆಳಿಗ್ಗೆ ಅಪ್ಪ ಇನ್ನೂ ಪೂಜೆಯಲ್ಲಿದ್ದಾಗಲೇ ನಾವು ಮನೆ ಬಿಟ್ಟೆವು. ಸಿಂಧನೂರಿನಿಂದ ಬಂದ ಬಸ್ಸು ತುಂಬಿತ್ತು. ಹಿಂದಿನ ಸೀಟು ಮಾತ್ರ ಸಿಕ್ಕಿತು. ಆಯಿಯ ಪಕ್ಕದಲ್ಲಿ ಬಳಗಾನೂರಿನ ಒಬ್ಬ ಹೆಂಗಸು, ಮಡಿಲಲ್ಲಿ ಕಾಲು ಕಟ್ಟಿದ ಎರಡು ಕೋಳಿ. ಊರು ದಾಟುವುದರೊಳಗೆ ಆಯಿ ಆಕೆಗೆ ನಮ್ಮ ಗುಟ್ಟನ್ನೆಲ್ಲ ಹೇಳಿ ಮುಗಿಸಿದ್ದಳು. ಆಕೆ ಎದುರಿನ ಸೀಟಿಗೆ ದಾಟಿಸಿದಳು. ಹಳ್ಳ ಬರುವ ಹೊತ್ತಿಗೆ ನಾನು ಅಪ್ಪನಿಗೆ ಹೇಳದೆ ಇಂಟರ್‌ವ್ಯೂಗೆ ಹೊರಟಿದ್ದೇನೆಂಬುದು ಡ್ರೈವರರೊಬ್ಬರನ್ನು ಬಿಟ್ಟು ಇಡೀ ಬಸ್ಸಿಗೆ ಗೊತ್ತಾಗಿತ್ತು.

ಆಗ ನಾನು ಸುಮ್ಮನೆ, ಏನೂ ಕಾರಣವಿಲ್ಲದೆ, ತಿರುಗಿ ನೋಡಿದೆ.

ದೂರದಲ್ಲಿ, ಬಸ್ಸು ಎಬ್ಬಿಸಿದ ಧೂಳಿನೊಳಗೆ ಒಂದು ಸೈಕಲ್ಲು ಬರುತ್ತಿತ್ತು. ಸೈಕಲ್ಲಿನ ಮೇಲೆ ಒಂದು ರುಮಾಲು, ಗಾಳಿಗೆ ಹಾರುತ್ತಿದ್ದ ಧೋತರ, ಬಿಟ್ಟು ಬಿಟ್ಟು ಮೇಲೇಳುತ್ತಿದ್ದ ಒಂದು ಕೈ. ನಾನು ಆಯಿಯ ತೋಳು ಹಿಡಿದು ಎಳೆದೆ.

"ಆಯಿ, ಅಪ್ಪ ಬರಾಕತ್ತಾನ!"

ಆಯಿ ತಿರುಗಿ ನೋಡಿ, "ಶಿವಶಿವಾ, ನಿಮ್ಮಪ್ಪಗ ಗೊತ್ತಾಗೈತಿ" ಎಂದಳು. ಮರುಕ್ಷಣವೇ ಎದ್ದು ಸೀಟು ಹಿಡಿದು ನಿಂತು, "ಡ್ರೈವರಪ್ಪಾ, ಗಾಡಿ ಜೋರ ಬಿಡೋ!" ಎಂದು ಕೂಗಿದಳು.

ಡ್ರೈವರರು ವಯಸ್ಸಾದ ಸಾಹೇಬರು. ತಿರುಗದೆಯೇ, "ಅರೇ ಅಮ್ಮಾ, ಇದಕ್ಕ ಇರೋ ಜೋರ ಇಷ್ಟ. ಇದಕ್ಕಿಂತ ಜೋರ ಬೇಕಂದ್ರ ಇಳದು ನೂಕ್ರಿ" ಎಂದರು.

ಅವರ ಮಾತು ಸುಳ್ಳಲ್ಲ. ಆಗಿನ ಬಸ್ಸುಗಳು ಕೈ ತೋರಿಸಿದವರಿಗೆಲ್ಲ ನಿಲ್ಲುತ್ತಿದ್ದವು. ಒಬ್ಬ ಕೈ ತೋರಿಸಿ, ಬಸ್ಸು ನಿಂತ ಮೇಲೆ ಹೊಲದಲ್ಲಿದ್ದ ಹೆಂಡತಿಯನ್ನು ಕೂಗಿ ಕರೆದ. ಅವಳು ನಡೆದು ಬರುವಷ್ಟು ಹೊತ್ತಿಗೆ ಸೈಕಲ್ಲು ದೊಡ್ಡದಾಗಿ ಕಾಣತೊಡಗಿತ್ತು. ಬಸ್ಸು ಹೊರಟರೆ ಸಣ್ಣದಾಗುತ್ತಿತ್ತು, ನಿಂತರೆ ದೊಡ್ಡದಾಗುತ್ತಿತ್ತು. ಹಿಂದಿನ ಸೀಟಿನವರೆಲ್ಲ ಗಾಜಿಗೆ ಮುಖ ಹಚ್ಚಿ, "ಬಂದಾ... ಬಂದಾ... ಹಿಂದ ಉಳದಾ" ಎಂದು ಮುಂದಿನವರಿಗೆ ಸುದ್ದಿ ಕೊಡುತ್ತಿದ್ದರು. ನನ್ನ ತಲೆಯಲ್ಲಿ ಮಾತ್ರ ಬೇವಿನ ಮರ, ಆಡು, ಹರಿದ ಟೋಪಿ. ದಿಸ್ ಈಸ್ ಪರ್ಸ್ಯೂಟ್. ಈ ಸಲ ನಾನೇ ಆಡು.

ಕೊನೆಗೆ ಇಂಜಿನ್ನಿನಿಂದ ಹೊಗೆ ಎದ್ದಿತು. ಮುಂದಿನ ಹಳ್ಳದ ದಂಡೆಗೆ ಬಸ್ಸು ನಿಲ್ಲಿಸಿ, ಕಂಡಕ್ಟರು ಡಬ್ಬಿ ಹಿಡಿದು ನೀರಿಗೆ ಇಳಿದ. ಸೈಕಲ್ಲು ಬಂದೇಬಿಟ್ಟಿತು.

ಅಪ್ಪ ಸೈಕಲ್ಲನ್ನು ರಸ್ತೆಗೆ ಕೆಡವಿ, ಬಸ್ಸಿನ ಬಾಗಿಲಿನ ಸರಳು ಹಿಡಿದು ನಿಂತ. ಮುಖವೆಲ್ಲ ಧೂಳು, ಅದರ ಮೇಲೆ ಬೆವರು. ಮಾತು ಹೊರಡುತ್ತಿರಲಿಲ್ಲ. ಆಯಿಯ ಕಡೆ ಒಂದು ಕೈ ಚಾಚಿದ.

"ಕೈ ಮಾಡಬ್ಯಾಡ ನೋಡು ಮತ್ತ!" ಎಂದಳು ಆಯಿ. "ಮಂದ್ಯಾಗ ಹೆಣ್ಣುಮಗಳ ಮ್ಯಾಲೆ ಕೈ ಮಾಡ್ತೀಯೇನು?"

ಅಪ್ಪ ತಲೆ ಅಲ್ಲಾಡಿಸಿದ. ಮತ್ತೆ ಕೈ ಚಾಚಿದ. ಬಾಯಿ ತೆರೆದ. "ಕೀ..." ಎಂದ. ಉಸಿರು ಮುಗಿಯಿತು.

ಬಳಗಾನೂರಿನ ಹೆಂಗಸು ಕೋಳಿಗಳನ್ನು ಪಕ್ಕದವರ ಮಡಿಲಿಗೆ ಹಾಕಿ ಎದ್ದು ನಿಂತಳು. "ಏನ್ರಿ ಸಾವ್ಕಾರ್ರ, ಹುಡುಗಿ ಏನ್ ಓಡಿ ಹೊಂಟಾಳೇನು? ನಾಕ ಅಕ್ಷರ ಕಲಿತಾಳ, ನಾಕ ಮಂದಿಗೆ ಕಲಸ್ತಾಳ. ನಮ್ಮೂರಾಗ ಹೆಣ್ಣು ಹುಡುಗ್ರಿಗೆ ಸಾಲಿ ತೆಗೀತೀವಿ ಅಂದಾರ, ಅಕ್ಕೋರೇ ಇಲ್ಲ. ನಿಮ್ಮಂಥವ್ರು ಹಿಂಗ ಸೈಕಲ್ ತಗೊಂಡು ಬೆನ್ನು ಹತ್ತಿದ್ರ ಅಕ್ಕೋರು ಎಲ್ಲಿಂದ ಬರಬೇಕ್ರಿ?"

"ಹೌದ್ರಿ, ಹೌದು" ಎಂದಿತು ಬಸ್ಸು.

ಆಯಿಗೆ ಇನ್ನೂ ಬಲ ಬಂತು. "ಕೇಳ್ಕೋ! ನನ್ನ ತಂಗಿಗೆ ಏನೂ ಆಗಿಲ್ಲ, ಗುಂಡುಕಲ್ಲಿನಂಗ ಅದಾಳ. ನಾವು ಇಂಟರ್‌ವ್ಯೂಕ್ಕ ಹೊಂಟೀವಿ. ನೀ ಏನ್ ಮಾಡ್ತಿ ಮಾಡು!"

ಅಪ್ಪನಿಗೆ ಅಷ್ಟರಲ್ಲಿ ಉಸಿರು ತಿರುಗಿತ್ತು. ಅವನು ನಮ್ಮೆಲ್ಲರನ್ನೂ ಒಂದು ಸಲ ನೋಡಿ, ಮೆಲ್ಲಗೆ ಹೇಳಿದ: "ಅಂಗಡಿ ಕೀಲಿ ಬೇ ಅವ್ವಾ. ಅಂಗಡಿ ಕೀಲಿ. ಇವತ್ತು ಸಂತಿ ಐತಿ, ಗಿರಾಕಿ ಬಂದು ನಿಂತಾರ."

ಅಂಗಡಿಯ ಕೀಲಿ ರಾತ್ರಿ ಆಯಿಯ ಎಲೆ ಅಡಿಕೆ ಸಂಚಿಯಲ್ಲಿ ಇರುವುದು ರೂಢಿ. ಬೆಳಿಗ್ಗೆ ಅಪ್ಪನ ಪೂಜೆ ಮುಗಿದ ಮೇಲೆ ಅವಳು ತೆಗೆದು ಕೊಡುತ್ತಿದ್ದಳು. ಅಂದು ನಾವು ಪೂಜೆಗೆ ಮೊದಲೇ ಓಡಿಬಂದಿದ್ದೆವು. ಪಾಪ, ಅಪ್ಪ ಬಂದದ್ದು ಕೀಲಿಗೆ. ಇಂಟರ್‌ವ್ಯೂ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಹೇಳಿದವರು ನಾವೇ.

ಬಸ್ಸಿನಲ್ಲಿ ಕೋಳಿಗಳೂ ಸುಮ್ಮನಾದವು. ಆಯಿ ಸಂಚಿ ಬಿಚ್ಚಿದಳು. ಎಲೆ ತೆಗೆದಳು, ಅಡಿಕೆ ತೆಗೆದಳು, ಸುಣ್ಣದ ಡಬ್ಬಿ ತೆಗೆದಳು, ಸಂಚಿಯನ್ನು ತಿರುವಿ ಜಾಡಿಸಿದಳು. ಕೀಲಿ ಇರಲಿಲ್ಲ.

"ರಾತ್ರಿ ನೀ ನನಗ ಕೊಟ್ಟೇ ಇಲ್ಲಲ್ಲೋ" ಎಂದಳು. "ಕೋಟಿನ ಒಳಗಿನ ಜೇಬಾಗ ನೋಡು."

ಅಪ್ಪ ಕೋಟಿನ ಒಳಗಿನ ಜೇಬಿಗೆ ಕೈ ಹಾಕಿದ. ಹಾಕಿದ ಕೈ ಅಲ್ಲೇ ನಿಂತಿತು. ಹೊರಗೆ ತೆಗೆಯಲು ಅವನಿಗೆ ನಾಚಿಕೆ. ಆದರೆ ಬಸ್ಸು ಬಿಡುವಂತಿರಲಿಲ್ಲ. ನಿಧಾನವಾಗಿ ಕೀಲಿಯ ಗೊಂಚಲು ಹೊರಬಂತು.

ಮೊದಲು ನಕ್ಕವರು ಡ್ರೈವರ್ ಸಾಹೇಬರು. ಆಮೇಲೆ ಯಾರು ನಗಲಿಲ್ಲ ಎಂದು ಕೇಳಿ. ನಾನು ಮಾತ್ರ ನಗಲಿಲ್ಲ, ಏಕೆಂದರೆ ಅಪ್ಪ ನನ್ನನ್ನೇ ನೋಡುತ್ತಿದ್ದ.

ಕಂಡಕ್ಟರು ಡಬ್ಬಿ ಎತ್ತಿಟ್ಟು, "ಸಾವ್ಕಾರ್ರ, ಇವ್ರನ್ನ ಇಳಸ್ತೀರೋ, ಗಾಡಿ ಬಿಡ್ಲೋ?" ಎಂದು ಕೇಳಿದ.

ನಾನು ಮುಂದಿನ ಸೀಟಿನ ಸರಳು ಹಿಡಿದುಕೊಂಡೆ. ಅಂದೆ: "ನಾ ಇಳಿಯಂಗಿಲ್ಲಪ್ಪ."

ದೊಡ್ಡ ದನಿಯಲ್ಲಿ ಅಂದೆನೆಂದು ನೀವು ತಿಳಿದರೆ ನನಗೆ ಸಂತೋಷವೇ. ನಿಜಕ್ಕೂ ಅದು ಪಕ್ಕದಲ್ಲೇ ಇದ್ದ ಆಯಿಗೂ ಸರಿಯಾಗಿ ಕೇಳಿಸಿರಲಿಲ್ಲ. ಅಪ್ಪನಿಗೆ ಮಾತ್ರ ಕೇಳಿಸಿತು. ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮುಂದಿನ ಸೀಟಿನವನೊಬ್ಬ ಮತ್ತೆ ಕಿಸಕ್ಕನೆ ನಕ್ಕ. ಆ ನಗೆಯಿಂದ ಪಾರಾದರೆ ಸಾಕೆಂಬಂತೆ ಅಪ್ಪ ಕೈ ಬೀಸಿ, "ಬಿಡ್ರಿ, ಗಾಡಿ ಬಿಡ್ರಿ" ಎಂದುಬಿಟ್ಟ.

"ಆತು, ನಿಮ್ಮಪ್ಪ ಹ್ಞೂಂ ಅಂದ" ಎಂದು ಆಯಿ ಸೆರಗು ಸರಿಮಾಡಿಕೊಂಡು ಕೂತಳು. ಅದು ಒಪ್ಪಿಗೆಯೋ, ತಪ್ಪಿಸಿಕೊಳ್ಳುವ ಉಪಾಯವೋ ಎಂದು ನಾನು ಕೇಳಲಿಲ್ಲ. ಹಿಂದಿನ ಗಾಜಿನಲ್ಲಿ ಅಪ್ಪ ಸೈಕಲ್ಲನ್ನು ಎತ್ತಿ ನಿಲ್ಲಿಸಿ, ಚೈನು ಸರಿಮಾಡುತ್ತ ಸಣ್ಣವನಾಗುತ್ತಿದ್ದ.

ಇಂಟರ್‌ವ್ಯೂ ಮಾಡಲು ಕೂತಿದ್ದವರು ಇಬ್ಬರು. ಶೇರ್ವಾನಿ ಹಾಕಿದ ಒಬ್ಬ ಸಾಹೇಬರು, ಕನ್ನಡಕದ ಒಬ್ಬ ಹೆಂಗಸು; ಅವರಿಗೆ ಎಲ್ಲರೂ ಬಾಯಿ ಎನ್ನುತ್ತಿದ್ದರು. ಬಾಯಿಯವರು ಕನ್ನಡ ಓದಿಸಿದರು, ಲೆಕ್ಕ ಕೇಳಿದರು, ಎಲ್ಲ ಸುಸೂತ್ರವಾಯಿತು. ಕೊನೆಗೆ ಸಾಹೇಬರು ಕಾಲು ಚಾಚಿ, ಹಗುರವಾಗಿ ಮಾತಾಡಿಸುವವರಂತೆ ಇಂಗ್ಲಿಷಿನಲ್ಲಿ ಕೇಳಿದರು: "ವಾಟ್ ಆರ್ ಯುವರ್ ಪರ್ಸ್ಯೂಟ್ಸ್?"

ನೀನು ಯಾರಾರ ಬೆನ್ನು ಹತ್ತಿದ್ದೀ ಎಂದು ಕೇಳುತ್ತಿದ್ದಾರೆ! ಬೆಳಗಿನ ಸುದ್ದಿ ನಮಗಿಂತ ಮುಂಚೆ ಲಿಂಗಸುಗೂರಿಗೆ ಹೇಗೆ ಬಂತು? ಬಸ್ಸಿನವರು ಯಾರೋ ಹೇಳಿರಬೇಕು. ಮರ್ಯಾದಸ್ಥ ಮನೆತನದ ಹುಡುಗಿಗೆ ಹೀಗೆ ಕೇಳಬಹುದೇ ಎಂದು ಸ್ವಲ್ಪ ಸಿಟ್ಟೂ ಬಂತು.

"ನಾ ಯಾರ ಬೆನ್ನೂ ಹತ್ತಿಲ್ರಿ" ಎಂದೆ. "ನಮ್ಮಪ್ಪನ ನನ್ನ ಬೆನ್ನು ಹತ್ತಿದ್ದ. ಅದೂ ನನಗಂತಲ್ಲ, ಅಂಗಡಿ ಕೀಲಿಗೆ."

ಇಬ್ಬರೂ ಮುಖ ಮುಖ ನೋಡಿಕೊಂಡರು. "ಯಾವ ಕೀಲಿ?" ಎಂದರು ಬಾಯಿಯವರು. ಹೇಳಲೇಬೇಕಾಯಿತು. ಆಡಿನಿಂದ ಶುರುಮಾಡಿ ಕೋಟಿನ ಜೇಬಿನವರೆಗೆ ಎಲ್ಲವನ್ನೂ ಹೇಳಿದೆ. ಸಾಹೇಬರು ನಕ್ಕು ನಕ್ಕು ಕೆಮ್ಮು ಬಂದು, ನೀರು ತರಿಸಿ ಕುಡಿದರು. ನನಗೆ ಅಳು ಬರುವಂತಾಗಿತ್ತು. ನೌಕರಿ ಹೋಯಿತು ಎಂದುಕೊಂಡೆ.

ಬಾಯಿಯವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಮಗೂ, ನಿಮ್ಮ ಮಾಸ್ತರರು ಹೇಳಿದ್ದು ತಪ್ಪಲ್ಲ. ಆದರೆ ಆ ಶಬ್ದಕ್ಕೆ ಇನ್ನೊಂದು ಅರ್ಥವಿದೆ. ನಾವು ಮನಸ್ಸಿಟ್ಟು ಮಾಡುವ ಕೆಲಸಕ್ಕೂ, ಬಿಡುವಿನಲ್ಲಿ ಇಷ್ಟಪಟ್ಟು ಮಾಡುವ ಹವ್ಯಾಸಕ್ಕೂ ಪರ್ಸ್ಯೂಟ್ ಅನ್ನುತ್ತಾರೆ. ಸಾಹೇಬರು ಕೇಳಿದ್ದು ಅದನ್ನು" ಎಂದರು.

ಬಾಗಿಲಿಗೆ ಕಿವಿ ಕೊಟ್ಟು ಕೂತಿದ್ದ ಆಯಿಗೆ ಅಷ್ಟು ಹೊತ್ತಿನಲ್ಲಿ ಕೇಳಿಸಿದ್ದು ಒಂದೇ ಶಬ್ದ. ತಲೆ ಒಳಗೆ ಹಾಕಿದಳು.

"ಪುರಸೊತ್ತಾ? ಆಕಿಗೆಲ್ಲೈತ್ರಿ ಪುರಸೊತ್ತು! ಮುಂಜಾನೆದ್ದು ನೀರು ತರ್ತಾಳ, ಬೀಸ್ತಾಳ, ತಮ್ಮಗೋಳ್ನ ನೋಡ್ತಾಳ. ಒಂದೀಟು ಪುರಸೊತ್ತು ಸಿಕ್ಕಿದ್ರ ಓಣಿ ಹುಡುಗ್ರನ್ನೆಲ್ಲ ಕಟ್ಟಿ ಮ್ಯಾಲೆ ಕೂಡ್ರಿಸ್ಕೊಂಡು ಅ ಆ ಇ ಈ ತಿದ್ದಸ್ತಾಳ. ಬ್ಯಾಡಂದ್ರೂ ಕೇಳಂಗಿಲ್ಲ. ನಮ್ಮನಿ ಬೆಲ್ಲ ಎಲ್ಲಾ ಅದಕ್ಕ ಖರ್ಚಾತ್ರಿ!"

ಬಾಯಿಯವರು ಸಾಹೇಬರ ಕಡೆ ತಿರುಗಿ, "ನೀವು ಕೇಳಿದ ಪ್ರಶ್ನೆಗೆ ಉತ್ತರ ಬಂತಲ್ಲ" ಎಂದರು. ಸಾಹೇಬರು ಇನ್ನೂ ಕಣ್ಣೊರೆಸಿಕೊಳ್ಳುತ್ತಲೇ, "ಬಹುತ್ ಖೂಬ್" ಎಂದು ಏನೋ ಬರೆದುಕೊಂಡರು.

ಆಮೇಲೆ ನಾನು ಈ ಶಬ್ದದ ಬಗ್ಗೆ ಬಹಳ ಯೋಚನೆ ಮಾಡಿದ್ದೇನೆ, ಪುರಸೊತ್ತು ಸಿಕ್ಕಾಗಲೆಲ್ಲ. ಕಳ್ಳನನ್ನು ಹಿಡಿಯಲು ಓಡುವುದಕ್ಕೂ ವಿದ್ಯೆಯನ್ನು ಹಿಡಿಯಲು ಕೂಡುವುದಕ್ಕೂ ಇಂಗ್ಲಿಷಿನವರು ಒಂದೇ ಶಬ್ದ ಇಟ್ಟುಕೊಂಡಿದ್ದಾರಲ್ಲ, ಎಷ್ಟು ಜಿಪುಣರು ಎಂದು ಮೊದಲು ಅನಿಸಿತ್ತು. ಆಮೇಲೆ ನೋಡಿದರೆ ನಮ್ಮ ಕನ್ನಡವೂ ಹಾಗೆಯೇ. ಪೊಲೀಸರು ಕಳ್ಳನ ಬೆನ್ನು ಹತ್ತುತ್ತಾರೆ, ಹುಡುಗ ಓದಿನ ಬೆನ್ನು ಹತ್ತುತ್ತಾನೆ. ಗಿರಾಕಿಯನ್ನು ಕಾಡಿದರೆ ಬೆನ್ನು ಬಿದ್ದ ಎನ್ನುತ್ತೇವೆ, ವೈರಿಯನ್ನು ಓಡಿಸಿದರೆ ಬೆನ್ನಟ್ಟಿದ ಎನ್ನುತ್ತೇವೆ. ತಮ್ಮನನ್ನು ಬೆನ್ನಿಗೆ ಬಿದ್ದವನು ಎಂದು ಪ್ರೀತಿಯಿಂದ ಹೇಳುವುದೂ ಅದೇ ಬೆನ್ನಿನ ಮೇಲೆಯೇ. ಪಾಪದ ಬೆನ್ನು, ಎಷ್ಟೊಂದನ್ನು ಹೊತ್ತಿದೆ! ಹಿಂದೆ ಬರುವವರು ಯಾತಕ್ಕೆ ಬರುತ್ತಿದ್ದಾರೆಂಬುದು ಅದಕ್ಕೆ ಕಾಣುವುದಿಲ್ಲ, ಅಷ್ಟೇ. ತಿರುಗಿ ನಿಂತು ಕೇಳಬೇಕು.

ಅಂದು ಸಂಜೆ ಮನೆಗೆ ಬಂದಾಗ ಅಪ್ಪ ಏನೂ ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ. ಕೇಳದೆ ಇರುವುದು ಅವನಿಗೆ ಎಷ್ಟು ಕಷ್ಟವಾಗುತ್ತಿತ್ತೆಂದರೆ, ಊಟಕ್ಕೆ ಕೂತು ನೀರು ಬೇಕೆಂಬುದನ್ನೂ ತಮ್ಮನ ಮೂಲಕ ಹೇಳಿಸುತ್ತಿದ್ದ. ನಾನೂ ಬಿಗಿದುಕೊಂಡೇ ಇದ್ದೆ. ಕೆಲವು ದಿನಗಳ ಮೇಲೆ, ತಾಟಿನ ಮೇಲೆ ಬಾಗಿಕೊಂಡು, ಯಾರಿಗೋ ಕೇಳುವವನಂತೆ ಕೇಳಿದ: "ಅದೇನೋ ಇಂಗ್ಲೀಷಿನ್ಯಾಗ ಕೇಳಿದ್ರಂತಲ್ಲ?"

ಹೇಳಿದೆ. ಅಪ್ಪ "ಪರ್... ಪರ್..." ಎಂದು ಎರಡು ಸಲ ಪ್ರಯತ್ನಿಸಿ, "ಹೋಗ್ಲಿ, ಪೀಛಾ ಅಂದ್ರ ಆಗ್ತಿರ್ಲಿಲ್ಲೇನು?" ಎಂದು ಉರ್ದುವಿಗೆ ಮರಳಿದ. ಆಯಿ ಒಳಗೆ ಸೆರಗು ಬಾಯಿಗೆ ಇಟ್ಟುಕೊಂಡಳು.

ನೌಕರಿಯ ಆಜ್ಞೆ ಬಂತು. ಬಳಗಾನೂರಿನ ಶಾಲೆಗೆ ನನ್ನನ್ನು ಹಾಕಿದ್ದರು. ಸುದ್ದಿ ಕೇಳಿದೊಡನೆ ಅಪ್ಪನ ಮುಖ ಮತ್ತೆ ಗಾಡಿಯಲ್ಲಿ ಕಂಡ ಮುಖವಾಯಿತು.

"ಬಳಗಾನೂರಾಗ ನಮ್ಮವ್ರು ಯಾರದಾರ?" ಎಂದ.

"ನಾ ಇರ್ತೀನಿ ಆಕಿ ಕೂಡ" ಎಂದಳು ಆಯಿ. "ಮತ್ತ ಆ ಕೋಳಿ ಹೆಣ್ಣುಮಗಳೂ ಅದಾಳ."

ಅಪ್ಪ ಎದ್ದು ಹೋದ. ಮರುದಿನ ಬೆಳಿಗ್ಗೆ ಅಂಗಡಿ ತೆರೆಯದೆ ಸೈಕಲ್ಲು ಹತ್ತಿ ಎತ್ತಲೋ ಹೋದ. ಇಳಿಹೊತ್ತಿಗೆ ಬಂದು, ಕೈಕಾಲು ತೊಳೆದು, ಕಟ್ಟೆಯ ಮೇಲೆ ಕೂತು, ರುಮಾಲಿನಿಂದ ಗಾಳಿ ಹಾಕಿಕೊಳ್ಳುತ್ತ ಹೇಳಿದ: "ಖೋಲಿ ನೋಡಿ ಬಂದೀನಿ. ಬಾವಿ ಸ್ವಲ್ಪ ದೂರಾತು. ಬಾಗಲ ಚಿಲಕ ಸಡ್ಲ ಇತ್ತು, ಬಡಿಗ್ಯಾನ್ನ ಕರಸಿ ಹೊಸಾದು ಹಾಕ್ಸೀನಿ."

ಬಳಗಾನೂರಿನ ದಿನಗಳ ಬಗ್ಗೆ ಹೇಳತೊಡಗಿದರೆ ಇದು ಮುಗಿಯುವುದಿಲ್ಲ. ಹುಡುಗಿಯರಿಗಿಂತ ಹೆಚ್ಚಾಗಿ ಅವರು ಸೊಂಟದ ಮೇಲೆ ಹೊತ್ತು ತರುತ್ತಿದ್ದ ತಮ್ಮ ತಂಗಿಯರೇ ಶಾಲೆಯ ತುಂಬ ಇರುತ್ತಿದ್ದರು. ನಾನು ಪಾಠ ಹೇಳುವಾಗ ಆಯಿ ಆ ಕೂಸುಗಳನ್ನು ಹೊರಗೆ ಆಡಿಸುತ್ತಿದ್ದಳು. ಊರವರು ಅವಳಿಗೆ ದೊಡ್ಡ ಅಕ್ಕೋರು ಎಂದು ಹೆಸರಿಟ್ಟಿದ್ದರು. ನನ್ನ ಮಾತಿಗಿಂತ ಅವಳ ಮಾತಿಗೆ ಶಾಲೆ ಹೆಚ್ಚು ಹೆದರುತ್ತಿತ್ತು.

ಕಾಲುವೆಯ ನೀರು ಹೊಸದಾಗಿ ಹರಿಯತೊಡಗಿದ ಕಾಲ ಅದು. ಜೋಳ ಬಿತ್ತುತ್ತಿದ್ದವರು ಭತ್ತದ ಮಾತಾಡುತ್ತಿದ್ದರು. ದಢೇಸುಗೂರಿನ ಕಡೆಯ ಒಂದು ದೊಡ್ಡ ಒಕ್ಕಲು ಮನೆತನದ ಮೇಲೆ ಅಪ್ಪನಿಗೆ ಮನಸ್ಸಾಯಿತು. ಕಾಲುವೆಯ ಬದಿಗೇ ಹೊಲ, ಹುಡುಗ ಸಂಭಾವಿತ. ಅಪ್ಪ ಒಂದು ಸುಗ್ಗಿಯಿಂದ ಮುಂದಿನ ಸುಗ್ಗಿಯವರೆಗೆ ಓಡಾಡಿದ. ಅವರು ಹೊಸ ಮನೆ ಕಟ್ಟಿಸುತ್ತಿದ್ದೇವೆ ಎಂದರೆ ಕಾದ, ಪಂಚಾಂಗ ನೋಡಬೇಕು ಎಂದರೆ ನೋಡಿಸಿದ. ಕೊನೆಗೆ ಅವರು ಹೆಣ್ಣು ನೋಡಲು ಬರುತ್ತೇವೆಂದು ಒಪ್ಪಿದಾಗ ಅಪ್ಪ ಮನೆಗೆ ಸುಣ್ಣ ಹಚ್ಚಿಸಿದ.

ಬಂದರು. ಹುಡುಗನಿಗಿಂತ ಅವನ ದೊಡ್ಡಪ್ಪನೇ ಹೆಚ್ಚು ಮಾತಾಡಿದರು. ಮಂಡಕ್ಕಿ ನೆನೆಸಿ ಮಾಡುವ ಮಂಡಾಳ ವಗ್ಗರಣೆಯನ್ನು ಮೆಣಸಿನಕಾಯಿ ಭಜಿಯ ಜೊತೆ ಮನಸಾರೆ ತಿಂದರು. ತಾಟು ಕೆಳಗಿಟ್ಟು, ಮೀಸೆ ಒರೆಸಿಕೊಂಡು, "ಹುಡುಗಿ ನಮಗ ಪಸಂದ ಆಗ್ಯಾಳ್ರಿ" ಎಂದರು. ಅಪ್ಪನ ಮುಖ ಅರಳಿತು. ನಾನು ಅಡುಗೆಮನೆಯ ಬಾಗಿಲ ಸಂದಿನಿಂದ ನೋಡುತ್ತಿದ್ದೆ.

"ಒಂದ ಮಾತು" ಎಂದರು ದೊಡ್ಡಪ್ಪ. "ಮದುವಿ ಆದ ಮ್ಯಾಲೆ ಈ ಸಾಲಿ ನೌಕರಿ ಬಿಡಬೇಕ್ರಿ. ನಮ್ಮನಿ ಸೊಸಿ ಮಂದಿ ಹುಡುಗ್ರ ಮೂಗು ಒರಸೂದು ನಮಗ ಸರಿ ಬರಂಗಿಲ್ಲ. ನೀವ ಅಕಿಗೆ ಒಂದ ಮಾತು ಹೇಳಿಬಿಡ್ರಿ, ಮುಂದಿನ ತಿಂಗಳ ಮುಹೂರ್ತ ಇಟ್ಕೊಳ್ಳೋಣು."

ಅಪ್ಪ ತನ್ನ ಅಂಗೈಗಳನ್ನು ನೋಡಿಕೊಂಡ. ಇಷ್ಟು ದಿನ ಓಡಾಡಿದ ಸಂಬಂಧ, ಕಾಲುವೆ ಬದಿಯ ಹೊಲ, ಹೊಸ ಸುಣ್ಣದ ಗೋಡೆ. ನನಗೆ ಅವನ ಉತ್ತರ ಗೊತ್ತಿತ್ತು ಎಂದೇ ಅನಿಸಿತು. ಕಣ್ಣು ಮುಚ್ಚಿಕೊಂಡೆ.

"ಹಂಗ ಹೇಳಾಕ ಆಗಂಗಿಲ್ರಿ" ಎಂದ ಅಪ್ಪ. ದನಿ ಎಷ್ಟು ಮೆತ್ತಗಿತ್ತೆಂದರೆ, ಸೀರೆಯ ಬಣ್ಣ ಹೋಗುವುದಿಲ್ಲ ಎಂದು ಗಿರಾಕಿಗೆ ಹೇಳುವಂತಿತ್ತು. "ಆಕಿ ಸಾಲ್ಯಾಗ ಹುಡುಗೀರು ಕಾಯ್ತಿರ್ತಾರ. ನಾ ಕಣ್ಣಾರೆ ನೋಡೀನ್ರಿ."

ಯಾವಾಗ ನೋಡಿದ್ದನೋ, ಎಲ್ಲಿ ನಿಂತು ನೋಡಿದ್ದನೋ. ನನಗೆ ಒಂದು ಸಲವೂ ಹೇಳಿರಲಿಲ್ಲ.

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. ಮಾತು ಹರಿಯದೆ ಕೂತಾಗ ಅತಿಥಿಗಳಿಗೆ ಏನು ಹೇಳಬೇಕೋ ಅದನ್ನೇ ಅಪ್ಪ ಹೇಳಿದ: "ಇನ್ನೊಂದೀಟು ವಗ್ಗರಣಿ ಹಾಕ್ಸಲೇನ್ರಿ?"

"ವಗ್ಗರಣಿ ಮುಗೀತು!" ಎಂದು ಒಳಗಿನಿಂದ ಆಯಿ ಗಟ್ಟಿಯಾಗಿ ಹೇಳಿದಳು.

ಅವಳ ಮುಂದೆ ಬೋಗುಣಿಯ ತುಂಬ ವಗ್ಗರಣೆ ಇತ್ತು. ಅವರನ್ನು ಕಳಿಸಿ ಬಂದು ಅಪ್ಪ ಅಡುಗೆಮನೆಯಲ್ಲೇ ಚಕ್ಕಳಬಕ್ಕಳ ಹಾಕಿ ಕೂತ. ಎರಡು ಸಲ ಹಾಕಿಸಿಕೊಂಡು ತಿಂದ, ಉಪ್ಪು ಸ್ವಲ್ಪ ಜಾಸ್ತಿಯಾಗಿದೆ ಎಂದ.